ಬೆಳಗಿದ ಮೇಲೆ

ತುಕ್ಕಾನಟ್ಟಿ
೧೦ ಜೂನ್ ೨೦೨೪

ಹುಕ್ಕೇರಿಯ ರೇಡಿಯೋ ರಿಪೇರಿ ಭೀಮರಾಯ ಅವರಿಗೆ,

ಅನ್ನಪೂರ್ಣಾ ಮಾಡುವ ನಮಸ್ಕಾರಗಳು. ನಿಮಗೆ ನನ್ನ ಪರಿಚಯವಿಲ್ಲ. ಇಲ್ಲಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ನಿಮ್ಮ ನಂಬರಿಗೆ ಆರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಹುಕ್ಕೇರಿ ಬಸ್ಸಿನ ಕಂಡಕ್ಟರ್ ಮಾಯಪ್ಪ, "ಕಾಕಾ ಫೋನ್ ಎತ್ತಂಗಿಲ್ರಿ. ಚೀಟಿ ಬರದ ಕೊಡ್ರಿ, ಸಾಮಾನಾ ಚೀಟಿ ಎರಡೂ ನಾ ಮುಟ್ಟಸ್ತೇನಿ" ಎಂದ. ಅಷ್ಟು ದೊಡ್ಡ ಮನುಷ್ಯರಿರಬೇಕು ಎಂದುಕೊಂಡು ಬರೆಯುತ್ತಿದ್ದೇನೆ.

ರೇಡಿಯೋ ನಮ್ಮ ಮಾವ ಬೀರಸಿದ್ದಪ್ಪನವರು ಒಂದು ವರ್ಷದ ಉಣ್ಣೆ ಮಾರಿ ಗೋಕಾಕದಲ್ಲಿ ಕೊಂಡದ್ದು. ಮರದ ಪೆಟ್ಟಿಗೆ, ಒಳಗೆ ಬಲ್ಬಿನಂಥ ಗಾಜಿನ ವಾಲ್ವ್. ಬಟನ್ ತಿರುಗಿಸಿದ ಮೇಲೆ ಒಂದು ನಿಮಿಷ ಯೋಚನೆ ಮಾಡಿ ಆಮೇಲೆ ಮಾತಾಡುವಂಥದ್ದು. ಮಾವನ ನಂತರ ಅದನ್ನು ನಮ್ಮ ಮನೆಯವರು ಲಕ್ಷ್ಮಣ ಒಬ್ಬರೇ ಮುಟ್ಟುತ್ತಿದ್ದರು. ನನಗೆ ಮೇಲಿನ ಧೂಳು ಒರೆಸಲೂ ಅಪ್ಪಣೆ ಇರಲಿಲ್ಲ.

ಸಂಕ್ರಾಂತಿಯ ಮರುದಿನ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಾಲು ಸ್ವಲ್ಪ ಬಂದಿದೆ, ಮಾತು ಬಂದಿಲ್ಲ. ಆದರೆ ರೇಡಿಯೋದಲ್ಲಿ ಧಾರವಾಡ ಕೇಂದ್ರದವರು ಮಾತಾಡುತ್ತಿದ್ದರೆ ಅವರ ಜೊತೆ ಇವರೂ ತುಟಿ ಅಲುಗಿಸುತ್ತಾರೆ. ಡಾಕ್ಟರು, "ಇದ ಛಲೋ ಅಭ್ಯಾಸ ಐತಿ, ಬಿಡಸಬ್ಯಾಡ್ರಿ" ಎಂದಿದ್ದಾರೆ. ಈಗ ನೋಡಿದರೆ ರೇಡಿಯೋಕ್ಕೇ ಲಕ್ವಾ ಹೊಡೆದಿದೆ. ಹೊಸ ಸಣ್ಣ ರೇಡಿಯೋ ತಂದುಕೊಟ್ಟೆ, ಎಡಗೈಯಿಂದ ದೂಡಿದರು. ಮೊಬೈಲಿನಲ್ಲಿ ಹಚ್ಚಿದೆ, ಗೋಡೆ ಕಡೆ ತಿರುಗಿದರು. ಅವರಿಗೆ ಇದೇ ಬೇಕು, ನನಗೆ ಅವರ ಮಾತು ಬೇಕು. ಏನಾದರೂ ಮಾಡಿ.

ಅನ್ನಪೂರ್ಣಾ

*

ಹುಕ್ಕೇರಿ
೨೨ ಜೂನ್ ೨೦೨೪

ಅನ್ನಪೂರ್ಣಾ ಬಾಯಿಯವರಿಗೆ ಜೈಭೀಮ.

ಪೆಟ್ಟಿಗೆ ತೆರೆದಾಗ ಒಳಗೆ ಜೇಡವೊಂದು ಸಂಸಾರ ಹೂಡಿತ್ತು. ಎಬ್ಬಿಸಿ ಕಳಿಸಿದೆ. ಐದು ವಾಲ್ವಿನಲ್ಲಿ ನಾಲ್ಕು ಗಟ್ಟಿ ಇವೆ. ನಡುವಿನದು, ತಗಡಿನ ಕ್ಯಾಪ್ ಹಾಕಿಕೊಂಡು ಕೂತಿರುವುದು, ಸತ್ತಿತ್ತು. ಆ ನಮೂನೆಯದು ಈಗ ಎಲ್ಲಿಯೂ ಸಿಗುವುದಿಲ್ಲ. ನನ್ನ ಹತ್ತಿರ ಒಂದಿತ್ತು, ಹಾಕಿದ್ದೇನೆ. ಬೇರೆ ಸಣ್ಣಪುಟ್ಟ ಕೆಲಸವನ್ನೂ ಮಾಡಿದ್ದೇನೆ. ಅದನ್ನೆಲ್ಲ ಬರೆಯುತ್ತ ಕೂತರೆ ಕಾಗದ ಸಾಲುವುದಿಲ್ಲ.

ಬಸ್ಸಿನಲ್ಲಿ ಕುಲುಕಾಡಿ ಬರುವ ಸಾಮಾನು ಇದು. ಮನೆ ಮುಟ್ಟಿದ ಮೇಲೆ ಹಿಂದಿನ ಹಲಗೆ ಬಿಚ್ಚಿ ಕ್ಯಾಪ್ ತೆಗೆಯಿರಿ. ಚೆನ್ನಾಗಿ ಬೆಳಗಿದ ಮೇಲೆ ಹಾಕಿರಿ. ಯಾವಾಗ ಹಲಗೆ ಬಿಚ್ಚಿದರೂ ಹೀಗೇ ಮಾಡಬೇಕು. ಒಳಗೆ ಬೇರೇನನ್ನೂ ಮುಟ್ಟಬೇಡಿ, ಕರೆಂಟಿನ ಹೊಡೆತ ಜೋರಾಗಿರುತ್ತದೆ.

ನಾನು ದೊಡ್ಡ ಮನುಷ್ಯನಲ್ಲ. ಫೋನ್ ಎತ್ತದಿರುವುದು ನನ್ನ ರೂಢಿ.

ಭೀಮರಾಯ

*

ತುಕ್ಕಾನಟ್ಟಿ
೧೫ ಜುಲೈ ೨೦೨೪

ಭೀಮರಾಯ ಅವರಿಗೆ ನಮಸ್ಕಾರಗಳು.

ಮೊದಲು ಸಂತೋಷದ ಸುದ್ದಿ ಹೇಳುತ್ತೇನೆ. ರೇಡಿಯೋ ಹಚ್ಚಿದ ದಿನ ಇವರು ಎರಡು ರೊಟ್ಟಿ ಉಂಡರು. ಕೃಷಿ ಕಾರ್ಯಕ್ರಮದವರು ಈರುಳ್ಳಿ ಬಗ್ಗೆ ಮಾತಾಡುತ್ತಿದ್ದರು, ಇವರು ಒಪ್ಪದವರಂತೆ ತಲೆ ಅಲ್ಲಾಡಿಸುತ್ತ ತುಟಿ ಆಡಿಸಿದರು. ನಾನು ಅಡುಗೆ ಮನೆಗೆ ಹೋಗಿ ಅತ್ತೆ.

ಹದಿನೆಂಟು ದಿನ ನಡೆಯಿತು. ಆಮೇಲೆ ಅರ್ಧ ತಾಸು ಮಾತಾಡಿ ದನಿ ಕುಗ್ಗಿಸತೊಡಗಿತು, ಮೊನ್ನೆ ಪೂರ್ತಿ ನಿಂತಿತು. ನಡುವಿನ ವಾಲ್ವ್ ಮುಟ್ಟಲಾಗದಷ್ಟು ಕಾದಿತ್ತು. ಪೆಟ್ಟಿಗೆಯನ್ನು ಕಳಿಸೋಣವೆಂದರೆ ಅದು ಕಣ್ಣ ಮುಂದೆ ಇಲ್ಲದಿದ್ದರೆ ಇವರಿಗೆ ಸಮಾಧಾನವಿಲ್ಲ. ಹಾಗಾಗಿ ವಾಲ್ವ್ ಒಂದನ್ನೇ ನಮ್ಮ ಕುರಿಯ ಉಣ್ಣೆಯಲ್ಲಿ ಸುತ್ತಿ ಕಳಿಸಿದ್ದೇನೆ.

ನೀವು ಹೇಳಿದಂತೆ ತಪ್ಪದೆ ಮಾಡಿದ್ದೇನೆ. ಕ್ಯಾಪಿನ ಬಗ್ಗೆ ಒಂದು ಮಾತು ಬರೆಯಬೇಕೆಂದಿದ್ದೆ. ನಿಮಗೆ ವಯಸ್ಸಾಗಿದೆ, ಮನಸ್ಸಿಗೆ ನೋವಾದೀತೆಂದು ಬಿಟ್ಟಿದ್ದೇನೆ.

ಇನ್ನೊಂದು ಸಂಗತಿ. ಇವರ ಬಾಯಿಂದ ಒಂದು ಸದ್ದು ಹೊರಟಿದೆ! ನಾನು ರೇಡಿಯೋದ ಹಿಂದೆ ಕೂತಾಗ "ಬ್ಯಾ, ಬ್ಯಾ" ಎನ್ನುತ್ತಾರೆ. ಕುರಿಗಳನ್ನು ನೆನೆಸುತ್ತಾರೆ ಪಾಪ. ಎಂಬತ್ತು ಕುರಿ ಮೈದುನನ ಹಟ್ಟಿಗೆ ಹೋದವು. ಇವರಿಗೆ ಅದೇ ಸಂಕಟ.

ಅನ್ನಪೂರ್ಣಾ

*

ಹುಕ್ಕೇರಿ
೨೪ ಜುಲೈ ೨೦೨೪

ಅನ್ನಪೂರ್ಣಾ ಬಾಯಿಯವರಿಗೆ ಜೈಭೀಮ.

ನೀವು ಬರೆಯದೆ ಬಿಟ್ಟ ಮಾತು ಏನೆಂದು ನಾನು ಊಹಿಸಬಲ್ಲೆ. ಮುದುಕನ ಕೈ ನಡುಗುತ್ತದೆ, ಕೆಲಸ ಕೆಟ್ಟಿದೆ ಎಂದಿರಬೇಕು. ಬರೆಯಬಹುದಿತ್ತು. ನಲವತ್ತು ವರ್ಷದಲ್ಲಿ ನಾನು ಹಾಕಿದ ವಾಲ್ವ್ ಹದಿನೆಂಟು ದಿನಕ್ಕೆ ಸತ್ತದ್ದಿಲ್ಲ.

ಗಾಜು ನೋಡಿದೆ. ಕಾವಿಗೆ ಹೋಗಿದೆ. ಪೆಟ್ಟಿಗೆ ಗೋಡೆಗೆ ಅಂಟಿಕೊಂಡಿದೆಯೇ? ಮೇಲೆ ಬಟ್ಟೆ ಹೊದಿಸಿದ್ದೀರಾ? ಬಾಜೂದಲ್ಲಿ ಒಲೆ ಇದೆಯೇ? ಮೂರಕ್ಕೂ ಉತ್ತರ ಬೇಕು.

ಗೋಕಾಕ ಫಾಲ್ಸಿನಲ್ಲಿ ನನ್ನ ಹಳೆಯ ಜೊತೆಗಾರನೊಬ್ಬನ ಅಟ್ಟದ ಮೇಲೆ ಕೆಟ್ಟ ರೇಡಿಯೋ ಇತ್ತು. ಅದರಿಂದ ಈ ವಾಲ್ವ್ ಕಿತ್ತು ತಂದಿದ್ದೇನೆ. ಜೋಪಾನ.

ಭೀಮರಾಯ

*

ತುಕ್ಕಾನಟ್ಟಿ
೧೯ ಆಗಸ್ಟ್ ೨೦೨೪

ಭೀಮರಾಯ ಅಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಸಿಟ್ಟು ಕಾಗದದ ಮೇಲೂ ಕಂಡಿತು. ಸಿಟ್ಟಿಗೇಳುವವರನ್ನು ಅಣ್ಣ ಎಂದು ಕರೆದರೆ ತಣ್ಣಗಾಗುತ್ತಾರಂತೆ, ಅದಕ್ಕೇ ಕರೆದಿದ್ದೇನೆ.

ನಿಮ್ಮ ಮೂರು ಪ್ರಶ್ನೆಗೆ ಉತ್ತರ ಇಷ್ಟು. ಪೆಟ್ಟಿಗೆ ಗೋಡೆಯಿಂದ ಒಂದು ಗೇಣು ಮುಂದಿದೆ. ಬಟ್ಟೆ ಹೊದಿಸಿಲ್ಲ. ಒಲೆ ಹಿತ್ತಲಿನಲ್ಲಿದೆ. ವಾರಕ್ಕೊಮ್ಮೆ ಧೂಳು ತೆಗೆಯಲು ಹಲಗೆ ಬಿಚ್ಚುತ್ತೇನೆ. ನೀವು ಬರೆದ ಹಾಗೆ, ಪ್ರತಿ ಸಲವೂ ಚೆನ್ನಾಗಿ ಬೆಳಗಿದ ಮೇಲೆಯೇ ಕ್ಯಾಪ್ ಹಾಕುತ್ತೇನೆ. ಇದರಲ್ಲಿ ಒಂದು ದಿನವೂ ತಪ್ಪಿಲ್ಲ.

ಆದರೂ ಹೋಯಿತು, ಅಣ್ಣ. ಈ ಸಲ ಪಂಚಮಿಯವರೆಗೆ ಮಾತ್ರ ಬಂತು.

ಇವರು ಉಣ್ಣುವುದು ಕಡಿಮೆಯಾಗಿದೆ. ಅದೇ ಒಂದು ಸದ್ದು, "ಬ್ಯಾ". ಮೈದುನನ ಹಟ್ಟಿಯಿಂದ ಒಂದು ಮರಿ ತರಿಸಿ ಇವರ ಹೊರಸಿನ ಕಾಲಿಗೆ ಕಟ್ಟಿದೆ. ಸಂತೋಷಪಡುವುದು ದೂರ ಉಳಿಯಿತು, ನನ್ನನ್ನೂ ಮರಿಯನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ ತಲೆ ಚಚ್ಚಿಕೊಂಡರು. ಮೂವತ್ತೊಂದು ವರ್ಷ ಬಾಳ್ವೆ ಮಾಡಿದ್ದೇನೆ. ಇವರು ಕೆಮ್ಮಿದರೆ ಯಾಕೆಂದು ಗೊತ್ತಾಗುತ್ತಿತ್ತು. ಈಗ ಎದುರಿಗೇ ಕೂತಿದ್ದಾರೆ, ಏನೂ ಗೊತ್ತಾಗುವುದಿಲ್ಲ. ಒಂದೇ ಮನೆಯಲ್ಲಿ ನಾವಿಬ್ಬರೂ ಬೇರೆ ಬೇರೆ ಊರಿನವರಂತೆ ಆಗಿದ್ದೇವೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ವಾಲ್ವ್ ಸಿಕ್ಕೀತೇ?

ಅನ್ನಪೂರ್ಣಾ

*

ಹುಕ್ಕೇರಿ
೨೧ ಸೆಪ್ಟೆಂಬರ್ ೨೦೨೪

ಅನ್ನಪೂರ್ಣಾ ಬಾಯಿಗೆ,

ತಡವಾಯಿತು. ವಾಲ್ವ್ ಕಳಿಸಿದ್ದೇನೆ. ಇನ್ನು ನನ್ನಲ್ಲಿಯೂ ಇಲ್ಲ, ನನಗೆ ಗೊತ್ತಿರುವವರಲ್ಲಿಯೂ ಇಲ್ಲ. ಇದೇ ಕೊನೆಯದು.

ಬೆಳಗಿದ ಮೇಲೆಯೇ ಕ್ಯಾಪ್ ಹಾಕುತ್ತೀರೆಂದು ಓದಿ ಸಮಾಧಾನವಾಯಿತು. ಹಾಗೆಯೇ ಮಾಡಿ.

ಭೀಮರಾಯ

*

ತುಕ್ಕಾನಟ್ಟಿ
೨೩ ಸೆಪ್ಟೆಂಬರ್ ೨೦೨೪

ಅಣ್ಣಾ,

ಒಂದು ತಿಂಗಳು ನಿಮ್ಮಿಂದ ಕಾಗದವಿಲ್ಲ. ಬೇಸತ್ತು ಕೈ ಬಿಟ್ಟರು ಎಂದುಕೊಂಡಿದ್ದೆ. ಮನಸ್ಸಿನಲ್ಲೇ ನಿಮಗೆ ನಾಲ್ಕು ಮಾತು ಬೈದದ್ದೂ ಉಂಟು. ಇವತ್ತು ಮಾಯಪ್ಪ ಪೊಟ್ಟಣ ಕೊಡುವಾಗ ಬಸ್ಸಿನ ಬಾಗಿಲಲ್ಲೇ ನಿಂತು, "ಅಕ್ಕಾರ, ಜ್ವಾಕಿ ಮಾಡ್ರಿ ಇದನ್ನ. ಕಾಕಾ ತನ್ನ ಹೇಣ್ತಿ ರೇಡಿಯೋ ಬಿಚ್ಚಿ ತಗದ ಕೊಟ್ಟಾನ. ಪದ್ಮವ್ವ ಕಾಕು ತೀರಿ ನಾಕ ವರ್ಷ ಆತು, ಆ ರೇಡಿಯೋ ಯಾರಿಗೂ ಮುಟ್ಟಾಕ ಬಿಟ್ಟಿದ್ದಿಲ್ಲ" ಎಂದ. "ಮತ್ತ ಫೋನ್ ಯಾಕ ಎತ್ತಂಗಿಲ್ಲ?" ಎಂದರೆ, "ಕಾಕಾಗ ಕಿವಿ ಎಲ್ಲೆ ಕೇಳತಾವ್ರಿ? ಆರು ವರ್ಷ ಆತು" ಎಂದ. ಬಸ್ಸು ಹೊರಟುಹೋಯಿತು.

ನೀವು ಫೋನ್ ಎತ್ತಲಿಲ್ಲ ಎಂದು ಮೊದಲ ಕಾಗದದಲ್ಲಿ ಚುಚ್ಚಿ ಬರೆದದ್ದು ನೆನಪಾಗಿ ನಾಚಿಕೆಯಾಯಿತು. ಕ್ಷಮಿಸಿ.

ನೀವು ಅಣ್ಣನಾದ ಮೇಲೆ ಪದ್ಮವ್ವ ನನಗೆ ವೈನಿ. ಅವರ ವಾಲ್ವನ್ನು ಹಾಕಲು ಇನ್ನೂ ಧೈರ್ಯವಾಗಿಲ್ಲ. ಗೋಡೆಯ ಗೂಡಿನಲ್ಲಿ, ದೇವರ ಮಾಡದಲ್ಲಿ ಇಟ್ಟಿದ್ದೇನೆ. ನೀವು ಮನಸ್ಸಿನಿಂದ ಹಾಕು ಎಂದರೆ ಹಾಕುತ್ತೇನೆ, ಬೇಡ ಎಂದರೆ ಮರಳಿ ಕಳಿಸುತ್ತೇನೆ. ಕ್ಯಾಪನ್ನು ಮಾತ್ರ ತಯಾರು ಮಾಡಿದ್ದೇನೆ. ಉಳಿದ ಸಲ ಬೂದಿ ಹಚ್ಚಿ ತೆಂಗಿನ ಕತ್ತದಿಂದ ತಿಕ್ಕುತ್ತಿದ್ದೆ. ಈ ಸಲ ವೈನಿಯ ವಾಲ್ವಿನ ಮೇಲೆ ಕೂರುವುದೆಂದು ಹುಣಸೆಹಣ್ಣು ಹಚ್ಚಿ ಎರಡು ಸಲ ಬೆಳಗಿದ್ದೇನೆ. ನಿಮ್ಮ ಅಂಗಡಿಯಿಂದ ಬಂದಾಗ ಅದು ರೊಟ್ಟಿ ಹಂಚಿನಷ್ಟು ಕಪ್ಪಗಿತ್ತು. ನಾನು ಆವತ್ತು ಬರೆಯದೆ ಬಿಟ್ಟದ್ದು ಅದನ್ನೇ. ಈಗ ನೋಡಬೇಕು ನೀವು, ಮುಖ ಕಾಣುತ್ತದೆ!

ನಿಮ್ಮ ತಂಗಿ
ಅನ್ನಪೂರ್ಣಾ

*

ಹುಕ್ಕೇರಿ
೨೪ ಸೆಪ್ಟೆಂಬರ್ ೨೦೨೪

ತಂಗಿ ಅನ್ನಪೂರ್ಣಾ,

ವಾಲ್ವ್ ಹಾಕಬೇಡ! ಈ ಕಾಗದ ಪೂರ್ತಿ ಓದುವವರೆಗೆ ಅದು ಮಾಡದಲ್ಲೇ ಇರಲಿ. ಮಾಯಪ್ಪನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, ಅವನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನಂತೆ. ನನಗೇನು, ಹೊಡೆದುಕೊಳ್ಳಲಿ.

ತಪ್ಪು ನಿನ್ನದಲ್ಲ, ನಾನು ಬರೆದ ಒಂದು ಮಾತಿನದು. "ಬೆಳಗಿದ ಮೇಲೆ" ಎಂದು ನಾನು ಬರೆದದ್ದು ವಾಲ್ವಿಗೆ. ಒಳಗಿನ ತಂತಿ ಕೆಂಪಗೆ ಬೆಳಗಿದ್ದನ್ನು ಕಣ್ಣಿಂದ ನೋಡಿ, ಆಮೇಲೆ ಕ್ಯಾಪ್ ಹಾಕು ಎಂದು. ನೀನು ತಾಮ್ರದ ಕೊಡ ಬೆಳಗಿದ ಹಾಗೆ ಕ್ಯಾಪ್ ಬೆಳಗಿದೆ. ನಲವತ್ತು ವರ್ಷ ಗಿರಾಕಿಗಳಿಗೆ ಇದೇ ಮಾತು ಹೇಳಿದ್ದೇನೆ. ಅವರೆಲ್ಲ ಗಂಡಸರು, ಮನೆಯಲ್ಲಿ ಒಂದು ಲೋಟವನ್ನೂ ಬೆಳಗಿದವರಲ್ಲ, ಹಾಗಾಗಿ ಯಾರೂ ಮೋಸ ಹೋಗಿರಲಿಲ್ಲ. ನಿನ್ನ ಕಾಗದದಲ್ಲೂ ಅದೇ ಮಾತು ಓದಿ, ಜಾಣೆ, ಹೇಳಿದಂತೆ ನಡೆಯುತ್ತಾಳೆ ಎಂದುಕೊಂಡೆ.

ಆ ಕಪ್ಪು ಕೊಳೆಯಲ್ಲ, ನಾನೇ ಬಳಿದ ಬಣ್ಣ. ವಾಲ್ವಿನ ಒಳಗೆ ಒಲೆ ಉರಿಯುತ್ತಿರುತ್ತದೆ. ಅದರ ಕಾವು ಗಾಜು ದಾಟಿ ಕ್ಯಾಪಿಗೆ ಬರಬೇಕು, ಕ್ಯಾಪಿನಿಂದ ಗಾಳಿಗೆ ಹೋಗಬೇಕು. ಹೊಳೆಯುವ ತಗಡು ಕಾವನ್ನು ತೆಗೆದುಕೊಳ್ಳದೆ ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ತೆಗೆದುಕೊಂಡ ಸ್ವಲ್ಪವನ್ನೂ ಹೊರಗೆ ಬಿಡುವುದಿಲ್ಲ. ಹೊಳಪಿಲ್ಲದ ಕಪ್ಪು ಒಳಗಿನ ಕಾವನ್ನು ಹೀರಿ ಹೊರಗೆ ಬಿಟ್ಟುಕೊಡುತ್ತದೆ. ನೀನು ಹೊಳಪು ಕೊಟ್ಟಷ್ಟೂ ಒಳಗಿನದು ಬೆಂದಿತು. ಅವು ಮೊದಲೇ ಹಳೆಯ ವಾಲ್ವ್, ತಡೆಯಲಿಲ್ಲ.

ಈಗ ಹೀಗೆ ಮಾಡು. ಕೂಸಿಗೆ ಕಾಡಿಗೆ ಹಿಡಿಯುತ್ತೀರಲ್ಲ, ಹಾಗೆ ದೀಪದ ಮೇಲೆ ತಟ್ಟೆ ಇಟ್ಟು ಮಸಿ ಹಿಡಿ. ಎಣ್ಣೆ ಬೆರೆಸಬೇಡ. ಗೋಂದಿನ ನೀರಿನಲ್ಲಿ ಕಲಸಿ ಕ್ಯಾಪಿನ ಒಳಗೂ ಹೊರಗೂ ತೆಳ್ಳಗೆ ಬಳಿ. ಎರಡು ದಿನ ಒಣಗಲಿ. ನಾನೇ ಬಳಿಯಬಹುದಿತ್ತು. ಆದರೆ ನೀನೇ ಬಳಿದರೆ ಮತ್ತೆ ತಿಕ್ಕಲು ನಿನಗೆ ಮನಸ್ಸು ಬರುವುದಿಲ್ಲ.

ಪದ್ಮವ್ವನ ವಿಷಯ ಮಾಯಪ್ಪ ಹೇಳಬಾರದಿತ್ತು. ಹೇಳಿಯಾಗಿದೆ. ಗೋಕಾಕ ಫಾಲ್ಸಿನ ಗಿರಣಿಯ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ ಮಳೆಗಾಲ ಬಂದರೆ ನೀರಿನ ಸದ್ದಿಗೆ ರೇಡಿಯೋ ಕೇಳುತ್ತಿರಲಿಲ್ಲ. ಅವಳು ಪೆಟ್ಟಿಗೆಗೆ ಕಿವಿ ಹಚ್ಚಿ ಕೂರುತ್ತಿದ್ದಳು. ಅವಳು ಹೋದ ಮೇಲೆ ನಾನು ದಿನಾ ಸಂಜೆ ಅದನ್ನು ಹಚ್ಚಿ ಹಿಂದಿನಿಂದ ನೋಡುತ್ತಿದ್ದೆ. ನನಗೆ ಕೇಳಿಸುವುದಿಲ್ಲ, ಬೆಳಗುವುದು ಕಾಣಿಸುತ್ತದೆ. ಅದು ಬೆಳಗಿದರೆ ಮನೆಯಲ್ಲಿ ಅವಳು ಇದ್ದಾಳೆ ಎನಿಸುತ್ತಿತ್ತು. ಸುಳ್ಳು ಹೇಳುವುದಿಲ್ಲ, ಅದನ್ನು ಕೀಳಲು ಒಂದು ತಿಂಗಳು ಕೈ ಬರಲಿಲ್ಲ. ಇಲ್ಲ ಎಂದು ನಿನಗೆ ಎರಡು ಸಲ ಬರೆದು ಹರಿದೆ. ಆದರೆ ನಿನ್ನ ಗಂಡ ರೇಡಿಯೋ ಜೊತೆ ತುಟಿ ಅಲುಗಿಸುತ್ತಾನೆ ಎಂದು ಬರೆದಿದ್ದೆಯಲ್ಲ, ಅದು ಬಿಡಲಿಲ್ಲ. ನಾನೂ ಈಗ ಜನರ ತುಟಿ ನೋಡಿಯೇ ಬದುಕುವವನು.

ಅದಕ್ಕೇ ಒಂದು ಮಾತು ಕೇಳುತ್ತೇನೆ. ಲಕ್ಷ್ಮಣ "ಬ್ಯಾ" ಎನ್ನುವುದು ನೀನು ಕ್ಯಾಪ್ ತಿಕ್ಕುವಾಗಲೋ, ಬೇರೆ ಹೊತ್ತಿನಲ್ಲೂ ಉಂಟೋ? ಕಿವಿಯಿಂದ ಕೇಳಬೇಡ, ಬಾಯಿ ನೋಡು. "ಬ್ಯಾ" ಆದ ಮೇಲೆ ನಾಲಿಗೆ ಮೇಲಕ್ಕೆ ಹೋಗಲು ನೋಡುತ್ತದೆಯೇ?

ಭೀಮರಾಯ

*

ತುಕ್ಕಾನಟ್ಟಿ
೨ ಅಕ್ಟೋಬರ್ ೨೦೨೪

ಅಣ್ಣಾ,

ನಿಮ್ಮ ಕಾಗದದ ಕೊನೆಯ ಸಾಲನ್ನು ಎರಡು ಸಲ ಓದಿದೆ. ಕ್ಯಾಪ್ ಮತ್ತು ಹುಣಸೆಹಣ್ಣು ತೆಗೆದುಕೊಂಡು ಇವರ ಎದುರು ಕೂತೆ. ತಿಕ್ಕುವವಳಂತೆ ಮಾಡಿದೆ. "ಬ್ಯಾ" ಎಂದರು. ಬಾಯಿ ಮುಚ್ಚಲಿಲ್ಲ. ನಾಲಿಗೆ ಮೇಲಕ್ಕೆ ಏಳಲು ನೋಡಿತು, ನಡುಗಿತು, ಮುಟ್ಟದೆ ಬಿದ್ದಿತು.

"ಬ್ಯಾಡ ಅಂತೀರೇನ್ರಿ?" ಎಂದೆ.

ಇವರು ಕಣ್ಣು ಮುಚ್ಚಿಕೊಂಡರು, ಅಣ್ಣ. ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಮೂರು ತಿಂಗಳು ಒಂದೇ ಮಾತು ಹೇಳಿದ್ದಾರೆ, ಬ್ಯಾಡ, ತಿಕ್ಕಬ್ಯಾಡ ಎಂದು. ಅಪ್ಪನ ಕಾಲದಿಂದ ಆ ರೇಡಿಯೋ ನೋಡಿದವರು, ಕಪ್ಪು ಯಾಕಿದೆ ಎಂದು ಮನೆಯಲ್ಲಿ ಗೊತ್ತಿದ್ದದ್ದು ಇವರೊಬ್ಬರಿಗೇ. ನಾನು ಕುರಿಮರಿ ತಂದು ಕಟ್ಟಿದೆ! ಮಾತು ಬಂದಿತ್ತು, ಕೇಳುವವಳು ನಾನೇ ಇರಲಿಲ್ಲ. ಇವರ ಎಡಗೈ ಹಿಡಿದುಕೊಂಡು ಎಷ್ಟು ಅತ್ತೆನೆಂದರೆ, ಕೊನೆಗೆ ಇವರೇ ನನ್ನ ತಲೆ ಸವರಿ ಸಮಾಧಾನ ಮಾಡಬೇಕಾಯಿತು.

ಆದರೂ ನಿಮ್ಮ ಕಪ್ಪಿನ ಮಾತನ್ನು ನಾನು ಸುಮ್ಮನೆ ನಂಬಲಿಲ್ಲ. ಕರಿ ಕಂಬಳಿ ಹೊದ್ದವರ ಮನೆ ನಮ್ಮದು. ಕಂಬಳಿ ಹೊದ್ದರೆ ಬೆಚ್ಚಗಾಗುವಾಗ ಕ್ಯಾಪಿಗೆ ಕಪ್ಪು ಬಳಿದರೆ ಹೇಗೆ ತಣ್ಣಗಾಗುತ್ತದೆ ಎಂದು ಜಗಳ ತೆಗೆಯುವವಳಿದ್ದೆ. ಇವರಿಗೆ ಓದಿ ಹೇಳಿದೆ. ಎಡಗೈಯಿಂದ ಕಂಬಳಿ ಎತ್ತಿ ಅದರ ಉಣ್ಣೆಯನ್ನು ಹಿಂಡಿ ತೋರಿಸಿದರು. ಬೆಚ್ಚಗಿಡುವುದು ಉಣ್ಣೆ, ಬಣ್ಣವಲ್ಲ ಎಂದು. ಮಾತಿಲ್ಲದೆಯೂ ನನ್ನನ್ನು ಸೋಲಿಸುತ್ತಾರೆ ನೋಡಿ.

ಅಂಗನವಾಡಿಯಲ್ಲಿ ಒಂದೇ ಅಳತೆಯ ಎರಡು ತಗಡಿನ ಡಬ್ಬಿ ಇದ್ದವು. ಒಂದನ್ನು ಬೆಳಗಿದೆ, ಒಂದಕ್ಕೆ ಮಸಿ ಬಳಿದೆ. ಎರಡಕ್ಕೂ ಕುದಿಯುವ ನೀರು ಹಾಕಿ ಮುಚ್ಚಿ ಇವರ ಮುಂದಿಟ್ಟೆ. ಅರ್ಧ ತಾಸಿನ ಮೇಲೆ ಇಬ್ಬರೂ ನೀರಿನಲ್ಲಿ ಬೆರಳು ಅದ್ದಿದೆವು. ಹೊಳೆಯುವ ಡಬ್ಬಿಯ ನೀರು ಇನ್ನೂ ಸುಡುತ್ತಿತ್ತು, ಕರಿ ಡಬ್ಬಿಯದು ಬೆರಳು ಇಡುವಷ್ಟು ಆರಿತ್ತು. ಇವರು ನಕ್ಕರು. ಬಾಯಿ ಒಂದು ಕಡೆ ಮಾತ್ರ ನಗುತ್ತದೆ. ಸಂಕ್ರಾಂತಿಯಿಂದ ನಾನು ಅದನ್ನು ನೋಡಿರಲಿಲ್ಲ.

ಹರಳೆಣ್ಣೆ ದೀಪ ಹಚ್ಚಿ ಮಸಿ ಹಿಡಿದೆ. ಮುಖಕ್ಕೆ ಮಸಿ ಬಳಿಯುವುದು ಎಂದರೆ ಮಾನ ಕಳೆಯುವುದು ಎಂದೇ ಕೇಳಿ ಬೆಳೆದವಳು ನಾನು. ಮಾನ ಉಳಿಸಲು ಬಳಿದದ್ದು ಇದೇ ಮೊದಲು. ಉಳಿದ ಮಸಿಯಲ್ಲಿ ಇವರ ಗಲ್ಲಕ್ಕೊಂದು ದೃಷ್ಟಿ ಬೊಟ್ಟು ಇಟ್ಟೆ, ಬೈಯಲಿಲ್ಲ.

ನಿನ್ನೆ ಸಂಜೆ ಪದ್ಮವ್ವ ವೈನಿಯ ವಾಲ್ವ್ ಹಾಕಿದೆವು. ಇಬ್ಬರೂ ಹಿಂದೆ ಕೂತು ನೋಡಿದೆವು. ಮೊದಲು ಏನೂ ಇಲ್ಲ. ಆಮೇಲೆ ತಳದಲ್ಲಿ ಒಂದು ಕೆಂಪು ಚುಕ್ಕೆ, ಆಮೇಲೆ ತಂತಿಯೆಲ್ಲ. ನೀವು ದಿನಾ ನೋಡುತ್ತಿದ್ದದ್ದು ಇದನ್ನೇ ಎಂದು ಆಗ ತಿಳಿಯಿತು. ಕ್ಯಾಪ್ ಹಾಕುವ ಮೊದಲು ನನಗೆ ಒಂದು ತುಂಟತನ ಬಂತು. ಸೆರಗಿನಿಂದ ಒರೆಸುವವಳಂತೆ ಮಾಡಿ, "ಇಷ್ಟ ಒಂದೀಟ ತಿಕ್ಕಲೇನ್ರಿ?" ಎಂದೆ.

"ಬ್ಯಾ" ಎಂದರು. ನಾನು ಕಾದೆ. ಈ ಸಲ ನಡುವೆ ಮಾತಾಡಲಿಲ್ಲ, ಊಹೆ ಮಾಡಲಿಲ್ಲ. ನಾಲಿಗೆ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು.

"ಡ" ಎಂದರು.

ಅಣ್ಣಾ, ವಾಲ್ವ್ ನಮ್ಮ ಮನೆಯಲ್ಲಿದ್ದರೂ ಅದು ನಿಮ್ಮದು. ಕ್ಯಾಪ್ ಹಾಕಿದ ಮೇಲೆ ಬೆಳಕು ಯಾರಿಗೂ ಕಾಣುವುದಿಲ್ಲ, ಹಾಗಾಗಿ ನೀವು ಬಂದ ದಿನ ತೆಗೆದಿಡುತ್ತೇವೆ. ಮಹಾನವಮಿಗೆ ಬನ್ನಿ. ನಿಮಗೆ ಕೇಳುವುದಿಲ್ಲ, ಇವರಿಗೆ ಒಂದೇ ಮಾತು ಬರುತ್ತದೆ, ಅದೂ ಬ್ಯಾಡ ಎಂದು. ಊಟಕ್ಕೆ ಬಡಿಸುವಾಗ ನನಗೆ ಸುಖ.

ನಿಮ್ಮ ತಂಗಿ
ಅನ್ನಪೂರ್ಣಾ

*

ಹುಕ್ಕೇರಿ
೭ ಅಕ್ಟೋಬರ್ ೨೦೨೪

ತಂಗಿ,

ಶುಕ್ರವಾರ ಮಾಯಪ್ಪನ ಬಸ್ಸಿಗೆ ಬರುತ್ತೇನೆ. ಸಂಜೆಯ ಹೊತ್ತಿಗೆ ಮುಟ್ಟುತ್ತೇನೆ. ರೇಡಿಯೋ ಹಚ್ಚಬೇಡ, ನಾನು ಬಂದ ಮೇಲೆ ಲಕ್ಷ್ಮಣ ಹಚ್ಚಲಿ. ಪದ್ಮವ್ವ ಬೆಳಗಿದ ಮೇಲೆ ಕ್ಯಾಪನ್ನು ನಾನೇ ಹಾಕುತ್ತೇನೆ.

ಹಬ್ಬವೆಂದು ಮನೆಯಲ್ಲಿ ಎಲ್ಲವನ್ನೂ ಬೆಳಗುತ್ತೀ, ಗೊತ್ತು. ಅದೊಂದು ಬ್ಯಾಡ.

ನಿನ್ನ ಅಣ್ಣ
ಭೀಮರಾಯ